ಹಂಚಿಕೆಯ ಲೈಬ್ರರಿಯಲ್ಲಿ ಕಡತ ಕಾಣದಿದ್ದಾಗ: ಶೇರ್‌ಪಾಯಿಂಟ್ ದೋಷ ನಿವಾರಣೆ ಕೈಪಿಡಿ

ಕಚೇರಿಯ ದಾಖಲೆಗಳನ್ನು ಶೇರ್‌ಪಾಯಿಂಟ್ ಲೈಬ್ರರಿಯಲ್ಲಿ, ಅಂದರೆ ಮೈಕ್ರೋಸಾಫ್ಟ್‌ನ ಹಂಚಿಕೆಯ ಕಡತ ಸಂಗ್ರಹದಲ್ಲಿ, ಇಟ್ಟು ಹಲವರು ಕೂಡಿ ಬಳಸುವ ಕಡೆಗಳಲ್ಲಿ ತಾಂತ್ರಿಕ ಸಹಾಯ ಕೇಳಿ ಬರುವ ಕರೆಗಳು ಹೆಚ್ಚಾಗಿ ಒಂದೇ ಮಾತಿನಿಂದ ಶುರುವಾಗುತ್ತವೆ: "ನಿನ್ನೆ ಇದ್ದ ಫೈಲು ಇವತ್ತು ಇಲ್ಲ." ಈ ಒಂದು ಮಾತಿನ ಹಿಂದೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹಲವು ಕಾರಣಗಳಿರಬಹುದು. ಕಡತ ನಿಜವಾಗಿಯೂ ಅಳಿಸಿಹೋಗಿರಬಹುದು. ಅಳಿಯದೆ ಬೇರೊಂದು ಫೋಲ್ಡರ್‌ಗೆ ಸರಿದಿರಬಹುದು. ಇದ್ದಲ್ಲೇ ಇದ್ದು ಕೇಳುತ್ತಿರುವವರಿಗೆ ಮಾತ್ರ ಕಾಣದಿರಬಹುದು. ಇಲ್ಲವೇ ಸರ್ವರ್‌ನಲ್ಲಿ ಕ್ಷೇಮವಾಗಿದ್ದು ಅವರ ಲ್ಯಾಪ್‌ಟಾಪ್‌ಗೆ ಮಾತ್ರ ಇಳಿಯದಿರಬಹುದು. ನಿಜವಾಗಿ ಅಳಿಸಿಹೋದ ಪ್ರಕರಣಗಳು ಇವುಗಳಲ್ಲಿ ಕಡಿಮೆ ಎಂಬುದು ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತಿರುವ ವಿಷಯ.

ತೊಂದರೆ ಏನೆಂದರೆ, ಗಾಬರಿಗೊಂಡ ಬಳಕೆದಾರರು ಕಾರಣ ತಿಳಿಯುವ ಮೊದಲೇ ಪರಿಹಾರಕ್ಕೆ ಕೈಹಾಕುತ್ತಾರೆ. ಹಳೆಯ ಇಮೇಲ್‌ಗೆ ಲಗತ್ತಿಸಿದ್ದ ಪ್ರತಿಯನ್ನು ಹುಡುಕಿ ಮತ್ತೆ ಅಪ್‌ಲೋಡ್ ಮಾಡುತ್ತಾರೆ. ಸ್ವಲ್ಪ ಹೊತ್ತಿನ ನಂತರ ಮೂಲ ಕಡತವೂ ಸಿಗುತ್ತದೆ. ಅಷ್ಟರಲ್ಲಿ ಇಬ್ಬರು ಎರಡು ಪ್ರತಿಗಳಲ್ಲಿ ಬೇರೆ ಬೇರೆ ತಿದ್ದುಪಡಿ ಮಾಡಿರುತ್ತಾರೆ. ಆಗ ಕಾಣದ ಕಡತವನ್ನು ಹುಡುಕುವುದಕ್ಕಿಂತ ಆ ಎರಡನ್ನು ಕೂಡಿಸುವುದೇ ದೊಡ್ಡ ಕೆಲಸವಾಗುತ್ತದೆ. ಆದ್ದರಿಂದ ಈ ಕೈಪಿಡಿಯಲ್ಲಿ ಪರಿಹಾರಗಳಿಗಿಂತ ಪರೀಕ್ಷೆಯ ಕ್ರಮಕ್ಕೆ ಹೆಚ್ಚು ಜಾಗ ಕೊಡಲಾಗಿದೆ. ಕಾರಣ ಖಚಿತವಾಗುವ ತನಕ ಯಾವುದನ್ನೂ ಅಳಿಸಬಾರದು, ಮತ್ತೆ ಅಪ್‌ಲೋಡ್ ಮಾಡಬಾರದು, ಸರ್ವರ್‌ನ ಕಡತಗಳನ್ನು ಲ್ಯಾಪ್‌ಟಾಪ್‌ಗೆ ತರುವ ಒನ್‌ಡ್ರೈವ್ ತಂತ್ರಾಂಶವನ್ನು ಕಿತ್ತುಹಾಕಬಾರದು. ಇಲ್ಲಿ ಹೇಳಿರುವುದೆಲ್ಲ ಮೈಕ್ರೋಸಾಫ್ಟ್ 365ರ ಭಾಗವಾದ ಶೇರ್‌ಪಾಯಿಂಟ್ ಆನ್‌ಲೈನ್‌ಗೆ ಅನ್ವಯಿಸುತ್ತದೆ. ಕಚೇರಿಯ ಸ್ವಂತ ಸರ್ವರ್‌ನಲ್ಲಿ ನಡೆಯುವ ಹಳೆಯ ಶೇರ್‌ಪಾಯಿಂಟ್‌ನಲ್ಲಿ ಕೆಲವು ಮಿತಿಗಳೂ ಮೆನುಗಳೂ ಬೇರೆ ಇರುತ್ತವೆ.

ಮೊದಲ ಪರೀಕ್ಷೆ ಬ್ರೌಸರ್‌ನಲ್ಲೇ ಆಗಬೇಕು

ಒಂದೇ ಲೈಬ್ರರಿಯನ್ನು ತಲುಪಲು ಸಾಮಾನ್ಯವಾಗಿ ಮೂರು ದಾರಿಗಳಿವೆ. ಬ್ರೌಸರ್‌ನಲ್ಲಿ ಸೈಟ್ ತೆರೆಯುವುದು ಒಂದು, ಟೀಮ್ಸ್‌ನ 'ಫೈಲ್ಸ್' ಟ್ಯಾಬ್ ಇನ್ನೊಂದು, ಒನ್‌ಡ್ರೈವ್ ಮೂಲಕ ಸಿಂಕ್ ಆಗಿ (ಸರ್ವರ್‌ನೊಂದಿಗೆ ಸದಾ ಹೊಂದಿಕೊಂಡು) ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕಾಣುವ ಫೋಲ್ಡರ್ ಮೂರನೆಯದು. ಹೆಚ್ಚಿನವರು ಬಳಸುವುದು ಮೂರನೆಯದನ್ನು, ಏಕೆಂದರೆ ಅದು ಎಂದಿನ ಫೋಲ್ಡರ್‌ನಂತೆಯೇ ಕಾಣುತ್ತದೆ. ಹೆಚ್ಚು ದೂರುಗಳು ಹುಟ್ಟುವುದೂ ಅಲ್ಲಿಯೇ. ದೂರು ಯಾವ ದಾರಿಯಿಂದ ಬಂದಿದ್ದರೂ ಮೊದಲು ಬ್ರೌಸರ್‌ನಲ್ಲಿ ನೋಡಬೇಕು, ಏಕೆಂದರೆ ಸರ್ವರ್‌ನಲ್ಲಿ ಏನಿದೆ ಎಂಬುದನ್ನು ನೇರವಾಗಿ ತೋರಿಸುವುದು ಅದೊಂದೇ.

ಈ ಪರೀಕ್ಷೆಯನ್ನು ಬ್ರೌಸರ್‌ನ ಖಾಸಗಿ (ಇನ್‌ಪ್ರೈವೇಟ್ ಅಥವಾ ಇನ್‌ಕಾಗ್ನಿಟೊ) ಕಿಟಕಿಯಲ್ಲಿ, ಕಚೇರಿಯ ಖಾತೆಯಿಂದ ಹೊಸದಾಗಿ ಲಾಗಿನ್ ಆಗಿ ಮಾಡುವುದು ಒಳ್ಳೆಯದು. ಒಂದೇ ಬ್ರೌಸರ್‌ನಲ್ಲಿ ಸ್ವಂತ ಮೈಕ್ರೋಸಾಫ್ಟ್ ಖಾತೆಯೂ ಕಚೇರಿಯ ಖಾತೆಯೂ ತೆರೆದಿರುವಾಗ ಶೇರ್‌ಪಾಯಿಂಟ್ ತಪ್ಪು ಖಾತೆಯನ್ನು ಎತ್ತಿಕೊಂಡು ಅನುಮತಿ ಇಲ್ಲವೆಂದು ಹೇಳುವುದು ತೀರ ಸಾಮಾನ್ಯ. ಖಾಸಗಿ ಕಿಟಕಿಯಲ್ಲಿ ಎಲ್ಲವೂ ಸರಿಯಾಗಿ ಕಂಡರೆ ಲೈಬ್ರರಿಯಲ್ಲಿ ದೋಷವೇನೂ ಇಲ್ಲ. ಬ್ರೌಸರ್‌ನಿಂದ ಎರಡೂ ಖಾತೆಗಳಿಂದ ಲಾಗ್ ಔಟ್ ಆಗಿ, ಕಚೇರಿಯ ಖಾತೆಗೆಂದು ಬೇರೆ ಪ್ರೊಫೈಲ್ ಮಾಡಿಕೊಟ್ಟರೆ ಕೆಲಸ ಮುಗಿಯಿತು.

ಇಷ್ಟರಿಂದ ನಾಲ್ಕು ದಿಕ್ಕುಗಳು ಸ್ಪಷ್ಟವಾಗುತ್ತವೆ. ಬ್ರೌಸರ್‌ನಲ್ಲಿ ಕಡತ ಕಾಣುತ್ತದೆ, ಲ್ಯಾಪ್‌ಟಾಪ್‌ನ ಫೋಲ್ಡರ್‌ನಲ್ಲಿ ಕಾಣುವುದಿಲ್ಲ ಎಂದಾದರೆ ದೋಷ ಸಿಂಕ್‌ನದು. ಬೇರೆಯವರಿಗೆ ಬ್ರೌಸರ್‌ನಲ್ಲಿ ಕಾಣುತ್ತದೆ, ಇವರಿಗೆ ಮಾತ್ರ ಇಲ್ಲ ಎಂದಾದರೆ ಅನುಮತಿ, ವ್ಯೂ (ಕಡತಗಳ ಪಟ್ಟಿ ತೋರಿಸುವ ಬಗೆ) ಅಥವಾ ಚೆಕ್ ಔಟ್ (ತಿದ್ದಲೆಂದು ಕಡತವನ್ನು ಒಬ್ಬರ ಹೆಸರಿಗೆ ತೆಗೆದಿಟ್ಟುಕೊಳ್ಳುವುದು) ಕಡೆಗೆ ನೋಡಬೇಕು. ಯಾರಿಗೂ ಕಾಣದಿದ್ದರೆ ಅಳಿಸಿದ್ದು ಅಥವಾ ಸರಿಸಿದ್ದು. ಎಲ್ಲರಿಗೂ ಕಾಣುತ್ತದೆ, ಆದರೆ ತೆರೆಯಲು ಅಥವಾ ಉಳಿಸಲು ಆಗುವುದಿಲ್ಲ ಎಂದಾದರೆ ಬೀಗ ಅಥವಾ ಹೆಸರಿನ ಉದ್ದ. ದೂರು ಕೊಟ್ಟವರ ಪಕ್ಕದಲ್ಲಿ ಕೂತಿರುವ ಒಬ್ಬ ಸಹೋದ್ಯೋಗಿಯ ನೆರವಿದ್ದರೆ ಈ ವಿಂಗಡಣೆ ಫೋನಿನಲ್ಲೇ ಮುಗಿಯುತ್ತದೆ.

ಒಬ್ಬರಿಗೆ ಮಾತ್ರ ಕಾಣದಿದ್ದರೆ

ಮೊದಲಿಗೆ ವ್ಯೂ ನೋಡಬೇಕು. ಲೈಬ್ರರಿಯ ಮೇಲ್ಭಾಗದಲ್ಲಿ ಈಗ ಯಾವ ವ್ಯೂ ತೆರೆದಿದೆ ಎಂಬ ಹೆಸರಿರುತ್ತದೆ. ಯಾರೋ ತಮ್ಮ ಅನುಕೂಲಕ್ಕೆ 'ಈ ವರ್ಷದ ಕಡತಗಳು ಮಾತ್ರ' ಎಂದು ಫಿಲ್ಟರ್ ಹಾಕಿ, ಉಳಿಸುವಾಗ ಅದನ್ನೇ ಎಲ್ಲರಿಗೂ ಡಿಫಾಲ್ಟ್ ಆಗುವಂತೆ ಮಾಡಿದ್ದರೆ, ಹಿಂದಿನ ವರ್ಷದ ಕಡತಗಳೆಲ್ಲ ಒಮ್ಮೆಲೇ ಮಾಯವಾದಂತೆ ತೋರುತ್ತದೆ. 'ಆಲ್ ಡಾಕ್ಯುಮೆಂಟ್ಸ್' ವ್ಯೂಗೆ ಬದಲಿಸಿ, ಯಾವುದಾದರೂ ಕಾಲಂನ ತಲೆಯ ಮೇಲೆ ಫಿಲ್ಟರ್‌ನ ಗುರುತು ಉಳಿದಿದೆಯೇ ಎಂದು ನೋಡಿದರೆ ಇದು ಬಗೆಹರಿಯುತ್ತದೆ.

ಎರಡನೆಯದು ಚೆಕ್ ಔಟ್. 'ಕಡತ ತಿದ್ದುವ ಮೊದಲು ಚೆಕ್ ಔಟ್ ಮಾಡಲೇಬೇಕು' ಎಂಬ ನಿಯಮವಿರುವ ಲೈಬ್ರರಿಗೆ ಒಬ್ಬರು ಹೊಸ ಕಡತ ಸೇರಿಸಿ ಚೆಕ್ ಇನ್ ಮಾಡದೆ (ಕೆಲಸ ಮುಗಿಸಿ ಮರಳಿ ಒಪ್ಪಿಸದೆ) ಹೋದರೆ, ಆ ಕಡತ ಅವರೊಬ್ಬರಿಗೇ ಕಾಣುತ್ತಿರುತ್ತದೆ. ಅವರು ತಾವು ಹಾಕಿದ್ದೇವೆಂದು ಪ್ರಮಾಣ ಮಾಡುತ್ತಾರೆ, ಉಳಿದವರು ಇಲ್ಲವೆಂದು ಪ್ರಮಾಣ ಮಾಡುತ್ತಾರೆ. ಇಬ್ಬರೂ ಹೇಳುವುದು ನಿಜವೇ. ಅವರು ರಜೆಯ ಮೇಲಿದ್ದರೆ ಲೈಬ್ರರಿಯ ಆಡಳಿತ ನೋಡುವವರು 'ಲೈಬ್ರರಿ ಸೆಟ್ಟಿಂಗ್ಸ್' ಒಳಗೆ 'ಚೆಕ್ ಇನ್ ಆದ ಆವೃತ್ತಿಯೇ ಇಲ್ಲದ ಕಡತಗಳ ನಿರ್ವಹಣೆ' ಎಂಬ ಅರ್ಥದ ಕೊಂಡಿಯನ್ನು ತೆರೆದು, ಆ ಕಡತಗಳ ಒಡೆತನವನ್ನು ತಮ್ಮ ಹೆಸರಿಗೆ ಪಡೆದು ಚೆಕ್ ಇನ್ ಮಾಡಬಹುದು. ನನ್ನ ಅಭಿಪ್ರಾಯದಲ್ಲಿ ಕಾನೂನು ದಾಖಲೆಗಳಂತಹ ಕೆಲವು ಲೈಬ್ರರಿಗಳನ್ನು ಬಿಟ್ಟರೆ ಈ ನಿಯಮದಿಂದ ಲಾಭಕ್ಕಿಂತ ಕಿರಿಕಿರಿಯೇ ಹೆಚ್ಚು. ಅನುಮೋದನೆಯ ನಿಯಮವಿರುವ ಲೈಬ್ರರಿಗಳಲ್ಲಿಯೂ ಇದೇ ರೀತಿ ನಡೆಯುತ್ತದೆ: ಅನುಮೋದನೆ ಸಿಗದ ಕಡತ ಬರೆದವರಿಗೂ ಅನುಮೋದಿಸುವವರಿಗೂ ಕಾಣುತ್ತದೆ, ಓದಲು ಮಾತ್ರ ಅನುಮತಿ ಇರುವವರಿಗೆ ಕಾಣುವುದಿಲ್ಲ.

ಮೂರನೆಯದು ಅನುಮತಿ, ಇದು ಸ್ವಲ್ಪ ಸಿಕ್ಕಿನ ವಿಷಯ. ಲೈಬ್ರರಿಯ ಒಳಗಿನ ಫೋಲ್ಡರ್‌ಗಳು ಮೂಲತಃ ಸೈಟ್‌ನ ಅನುಮತಿಗಳನ್ನೇ ಪಡೆದುಕೊಳ್ಳುತ್ತವೆ. ಯಾರಾದರೂ ಒಂದು ಫೋಲ್ಡರ್‌ನ ಅನುಮತಿಯನ್ನು ಪ್ರತ್ಯೇಕಿಸಿದರೆ ಆ ಸಂಬಂಧ ಅಲ್ಲಿಗೆ ಕಡಿಯುತ್ತದೆ. ಆನಂತರ ಸೈಟ್‌ಗೆ ನೇರವಾಗಿ ಸೇರಿಸಿದ ಹೊಸ ನೌಕರರಿಗೆ ಉಳಿದೆಲ್ಲ ಫೋಲ್ಡರ್‌ಗಳು ಕಾಣುತ್ತವೆ, ಇದೊಂದು ಕಾಣುವುದಿಲ್ಲ; ತಮಗೆ ಓದುವ ಅನುಮತಿ ಇಲ್ಲದ ಫೋಲ್ಡರ್ ಬೂದು ಬಣ್ಣದಲ್ಲಿಯೂ ತೋರುವುದಿಲ್ಲವಾದ್ದರಿಂದ ಅದು ಇದೆ ಎಂಬುದೇ ಅವರಿಗೆ ಗೊತ್ತಾಗುವುದಿಲ್ಲ. ಫೋಲ್ಡರ್‌ನ ಮೇಲೆ 'ಮ್ಯಾನೇಜ್ ಆಕ್ಸೆಸ್' ಒತ್ತಿ, ಅಲ್ಲಿಂದ ಹೆಚ್ಚಿನ ಸೆಟ್ಟಿಂಗ್‌ಗೆ ಹೋದರೆ 'ಚೆಕ್ ಪರ್ಮಿಷನ್ಸ್' ಎಂಬ ಸೌಲಭ್ಯವಿದೆ. ನೌಕರರ ಹೆಸರು ಕೊಟ್ಟರೆ ಅವರಿಗೆ ಯಾವ ಗುಂಪಿನ ಮೂಲಕ ಯಾವ ಮಟ್ಟದ ಅನುಮತಿ ಇದೆ ಅಥವಾ ಇಲ್ಲ ಎಂಬುದನ್ನು ಅದು ಹೇಳುತ್ತದೆ. ಊಹೆಯ ಬದಲು ಈ ಉತ್ತರವನ್ನೇ ಆಧಾರವಾಗಿಟ್ಟುಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪ್ರತ್ಯೇಕ ಅನುಮತಿಗಳನ್ನು ಅಳಿಸಿ ಮತ್ತೆ ಮೇಲಿನಿಂದಲೇ ಪಡೆಯುವಂತೆ ಮಾಡುವ ಗುಂಡಿ ಕಣ್ಣೆದುರೇ ಇರುತ್ತದೆ. ಅದನ್ನು ಒತ್ತಿದರೆ ಹೊಸ ನೌಕರರ ತೊಂದರೆ ತಕ್ಷಣ ನೀಗುತ್ತದೆ ನಿಜ; ಆದರೆ ಆ ಫೋಲ್ಡರ್ ಸಂಬಳದ ವಿವರಗಳನ್ನು ಬೇರೆಯವರ ಕಣ್ಣಿಗೆ ಬೀಳದಂತೆ ಇಡಲೆಂದೇ ಪ್ರತ್ಯೇಕಿಸಿದ್ದಾಗಿದ್ದರೆ, ಅದು ಇಡೀ ಕಚೇರಿಗೆ ತೆರೆದುಕೊಳ್ಳುತ್ತದೆ. ಪ್ರತ್ಯೇಕಿಸಿದವರು ಯಾರು, ಯಾಕೆ ಎಂದು ಕೇಳದೆ ಅದಕ್ಕೆ ಕೈಹಾಕಬಾರದು. ಇಂಥ ಪ್ರತ್ಯೇಕ ಅನುಮತಿಗಳು ಒಂದು ಲೈಬ್ರರಿಯಲ್ಲಿ 50,000 ಮೀರುವಂತಿಲ್ಲ. 5,000ದ ಒಳಗಿರಲಿ ಎಂಬುದು ಮೈಕ್ರೋಸಾಫ್ಟ್‌ನ ಸಲಹೆ. ಸಣ್ಣ ಕಚೇರಿಗಳು ಆ ಸಂಖ್ಯೆಯ ಹತ್ತಿರಕ್ಕೂ ಹೋಗುವುದಿಲ್ಲವಾದರೂ, ಕಡತಕ್ಕೊಂದು ಅನುಮತಿ ಇಟ್ಟುಕೊಂಡ ಲೈಬ್ರರಿಯಲ್ಲಿ ಯಾರಿಗೆ ಏನು ಕಾಣುತ್ತದೆ ಎಂದು ಹೇಳಬಲ್ಲವರು ಕೊನೆಗೆ ಯಾರೂ ಉಳಿಯುವುದಿಲ್ಲ.

ಟೀಮ್ಸ್ ಮೂಲಕ ಬರುವವರ ವಿಷಯದಲ್ಲಿ ಇನ್ನೆರಡು ಸಂಗತಿಗಳನ್ನು ನೆನಪಿಡಬೇಕು. ಖಾಸಗಿ ಚಾನೆಲ್‌ಗೆ ಹಾಕಿದ ಕಡತಗಳು ತಂಡದ ಮುಖ್ಯ ಸೈಟ್‌ನಲ್ಲಿ ಇರುವುದೇ ಇಲ್ಲ. ಆ ಚಾನೆಲ್‌ಗೆಂದು ಪ್ರತ್ಯೇಕ ಸೈಟ್ ಸೃಷ್ಟಿಯಾಗಿರುತ್ತದೆ. ಚಾಟ್‌ನಲ್ಲಿ ಕಳಿಸಿದ ಕಡತವಂತೂ ಕಳಿಸಿದವರ ಸ್ವಂತ ಒನ್‌ಡ್ರೈವ್‌ನಲ್ಲಿ ಇರುತ್ತದೆ. 'ಟೀಮ್ಸ್‌ನಲ್ಲಿ ಹಾಕಿದ್ದೆ' ಎಂದು ಹೇಳಿದವರನ್ನು ಚಾನೆಲ್‌ನಲ್ಲೋ ಚಾಟ್‌ನಲ್ಲೋ ಎಂದು ಕೇಳಲೇಬೇಕು. ಚಾಟ್‌ನಲ್ಲಿ ಹಂಚಿಕೊಂಡ ವ್ಯಕ್ತಿ ಕೆಲಸ ಬಿಟ್ಟು ಅವರ ಖಾತೆಯನ್ನು ಅಳಿಸಿದ್ದರೆ, ಬೇರೆ ಅವಧಿ ನಿಗದಿಪಡಿಸದ ಹೊರತು ಅವರ ಒನ್‌ಡ್ರೈವ್ 30 ದಿನ ಮಾತ್ರ ಉಳಿದಿರುತ್ತದೆ. ಆದ್ದರಿಂದ ಇಂತಹ ದೂರನ್ನು ನಾಳೆಗೆ ತಳ್ಳಬಾರದು.

ಯಾರಿಗೂ ಕಾಣದಿದ್ದರೆ

ಮೊದಲು ಸರಿಸಿದ ಸಾಧ್ಯತೆಯನ್ನು ಪರೀಕ್ಷಿಸಬೇಕು. ಲೈಬ್ರರಿಯ ಬಲಬದಿಯ ವಿವರ ಫಲಕವನ್ನು ತೆರೆದರೆ ಆ ಫೋಲ್ಡರ್‌ನಲ್ಲಿ ಇತ್ತೀಚೆಗೆ ಯಾರು ಯಾವ ಕಡತವನ್ನು ಸೇರಿಸಿದರು, ಹೆಸರು ಬದಲಿಸಿದರು, ಅಳಿಸಿದರು ಎಂಬ ಚಟುವಟಿಕೆಯ ಪಟ್ಟಿ ಸಿಗುತ್ತದೆ. ಮೌಸ್‌ನಿಂದ ಎಳೆಯುವಾಗ ಕೈಜಾರಿ ಒಂದು ಇಡೀ ಫೋಲ್ಡರ್ ಪಕ್ಕದ ಫೋಲ್ಡರ್‌ನೊಳಗೆ ಬಿದ್ದಿರುವುದು ಇಲ್ಲಿಯೇ ಪತ್ತೆಯಾಗುತ್ತದೆ. ಕಡತದ ಹೆಸರಿನ ಒಂದು ಪದವನ್ನು ಹಾಕಿ ಇಡೀ ಸೈಟ್‌ನಲ್ಲಿ ಹುಡುಕುವುದೂ ಒಳ್ಳೆಯದು.

ಅಲ್ಲಿ ಸಿಗದಿದ್ದರೆ ಸೈಟ್‌ನ ರೀಸೈಕಲ್ ಬಿನ್ ನೋಡಬೇಕು. ಅಳಿಸಿದ ಕಡತ ಅಳಿಸಿದ ದಿನದಿಂದ 93 ದಿನಗಳವರೆಗೆ ಅಲ್ಲಿರುತ್ತದೆ. ಯಾರಾದರೂ ಅದನ್ನು ಅಲ್ಲಿಂದಲೂ ಖಾಲಿ ಮಾಡಿದ್ದರೆ ಅದು ಎರಡನೆಯ ಹಂತದ ಬಿನ್‌ಗೆ ಹೋಗುತ್ತದೆ. ಅದನ್ನು ನೋಡಬಲ್ಲವರು ಸೈಟ್‌ನ ಮುಖ್ಯ ಅಡ್ಮಿನ್ ಮಾತ್ರ. ಎರಡು ಹಂತಗಳೂ ಸೇರಿಯೇ 93 ದಿನ, ಪ್ರತಿ ಹಂತಕ್ಕೂ ಬೇರೆ ಬೇರೆ ಅಲ್ಲ. ಈ ಲೆಕ್ಕವನ್ನು ತಪ್ಪು ತಿಳಿದು ನಿಶ್ಚಿಂತೆಯಿಂದ ಕೂತವರು ಅನೇಕರಿದ್ದಾರೆ. ಸಾಮಾನ್ಯ ಸದಸ್ಯರಿಗೆ ತಾವು ಅಳಿಸಿದ್ದು ಮಾತ್ರ ಕಾಣುವುದರಿಂದ, ಬಿನ್ ಖಾಲಿ ಇದೆ ಎಂದು ಅವರು ಹೇಳಿದರೆ ಅದನ್ನು ಅಂತಿಮ ಉತ್ತರವೆಂದು ಒಪ್ಪಬಾರದು. ಬಿನ್‌ನಿಂದ ಮರಳಿಸಿದ ಕಡತ ಮೊದಲಿದ್ದ ಜಾಗಕ್ಕೇ ಹೋಗುತ್ತದೆ. ಆ ಫೋಲ್ಡರ್ ಕೂಡ ಅಳಿದಿದ್ದರೆ ಅದೂ ಮತ್ತೆ ಸೃಷ್ಟಿಯಾಗುತ್ತದೆ.

ಒಂದೆರಡು ಕಡತಗಳ ಬದಲು ನೂರಾರು ಕಡತಗಳು ಒಟ್ಟಿಗೆ ಹೋಗಿದ್ದರೆ ಅದರ ಹಿಂದೆ ಬಹುಮಟ್ಟಿಗೆ ಒಂದೇ ಕಥೆ ಇರುತ್ತದೆ. ಯಾರೋ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲದೆಂದೋ ಲ್ಯಾಪ್‌ಟಾಪ್ ಹಿಂದಿರುಗಿಸಬೇಕೆಂದೋ ಸಿಂಕ್ ಆದ ಫೋಲ್ಡರ್ ಅನ್ನು ತಮ್ಮ ನಕಲೆಂದು ತಿಳಿದು ಅಳಿಸಿರುತ್ತಾರೆ. ಸಿಂಕ್ ಫೋಲ್ಡರ್ ನಕಲಲ್ಲ, ಅದು ಅದೇ ಮನೆಯ ಹಿತ್ತಿಲ ಬಾಗಿಲು. ಅಲ್ಲಿಂದ ಎಸೆದದ್ದೂ ಮನೆಯಿಂದ ಹೊರಗೆ ಹೋದಂತೆಯೇ. ಒಮ್ಮೆಲೇ ಹೆಚ್ಚು ಕಡತ ಅಳಿಸಿದಾಗ ಒನ್‌ಡ್ರೈವ್ ಎಚ್ಚರಿಕೆಯನ್ನೇನೋ ತೋರಿಸುತ್ತದೆ, ಆದರೆ ಓದಿ ಒತ್ತುವವರು ಕಡಿಮೆ. ಜಾಗ ಬೇಕಿದ್ದರೆ ಕಡತದ ಮೇಲೆ ಬಲಗುಂಡಿ ಒತ್ತಿ 'ಫ್ರೀ ಅಪ್ ಸ್ಪೇಸ್' ಆಯ್ದುಕೊಳ್ಳಬೇಕು. ಲ್ಯಾಪ್‌ಟಾಪ್ ಹಿಂದಿರುಗಿಸುವುದಿದ್ದರೆ ಒನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಆ ಲೈಬ್ರರಿಯ ಸಿಂಕ್ ನಿಲ್ಲಿಸಿದ ನಂತರವೇ ಫೋಲ್ಡರ್ ಅಳಿಸಬೇಕು.

ಇಂಥ ಸಾಮೂಹಿಕ ಅಳಿಸುವಿಕೆಗೆ 'ರಿಸ್ಟೋರ್ ದಿಸ್ ಲೈಬ್ರರಿ' ಎಂಬ ಸೌಲಭ್ಯವಿದೆ. ಕಳೆದ 30 ದಿನಗಳೊಳಗಿನ ಯಾವುದೇ ಗಳಿಗೆಗೆ ಇಡೀ ಲೈಬ್ರರಿಯನ್ನು ಅದು ಹಿಂದಿರುಗಿಸುತ್ತದೆ. ಆದರೆ ಆ ಗಳಿಗೆಯ ನಂತರ ಬೇರೆಯವರು ಮಾಡಿದ ಸರಿಯಾದ ಕೆಲಸವನ್ನೂ ಅದು ಹಿಂದೆ ಸರಿಸುತ್ತದೆ. ಅಳಿಸಿ ಹತ್ತು ನಿಮಿಷವಾಗಿದ್ದರೆ ಅದು ಒಳ್ಳೆಯ ಉಪಾಯ. ಒಂದು ವಾರ ಕಳೆದಿದ್ದರೆ ಬಿನ್‌ನಲ್ಲಿ ಅಳಿಸಿದವರ ಹೆಸರು ಮತ್ತು ದಿನಾಂಕದ ಮೇಲೆ ವಿಂಗಡಿಸಿ ಆ ಕಡತಗಳನ್ನಷ್ಟೇ ಮರಳಿಸುವುದು ಬೇಸರದ ಕೆಲಸವಾದರೂ ಸುರಕ್ಷಿತ.

ಬ್ರೌಸರ್‌ನಲ್ಲಿದ್ದು ಲ್ಯಾಪ್‌ಟಾಪ್‌ನಲ್ಲಿ ಇಲ್ಲದಿದ್ದರೆ

ಪರದೆಯ ಕೆಳಮೂಲೆಯ ಒನ್‌ಡ್ರೈವ್ ಮೋಡದ ಗುರುತನ್ನು ಮೊದಲು ನೋಡಬೇಕು. ಬೂದು ಬಣ್ಣದಲ್ಲಿದ್ದರೆ ಲಾಗಿನ್ ಆಗಿಲ್ಲವೆಂದೂ, ಕೆಂಪು ವೃತ್ತದಲ್ಲಿ ಬಿಳಿ ಗುಣಾಕಾರದ ಗುರುತಿದ್ದರೆ (×) ಯಾವುದೋ ಕಡತ ಸಿಂಕ್ ಆಗದೆ ನಿಂತಿದೆಯೆಂದೂ ಅರ್ಥ. ಗುರುತಿನ ಮೇಲೆ ಒತ್ತಿದರೆ ನಿಂತಿರುವ ಕಡತದ ಹೆಸರೂ ಕಾರಣವೂ ಬರೆದಿರುತ್ತದೆ. ಕಡತಗಳ ಪಕ್ಕದಲ್ಲಿರುವ ನೀಲಿ ಮೋಡ ದೋಷವಲ್ಲ. ಕಡತ ಸರ್ವರ್‌ನಲ್ಲಿದೆ, ತೆರೆದಾಗ ಇಳಿಯುತ್ತದೆ ಎಂದಷ್ಟೇ ಅದು ಹೇಳುತ್ತದೆ. ಇಂಟರ್‌ನೆಟ್ ಇಲ್ಲದ ಕಡೆಗೆ ಪ್ರಯಾಣ ಹೊರಟವರು ಬೇಕಾದ ಫೋಲ್ಡರ್ ಅನ್ನು ಮೊದಲೇ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಎಂದು ಗುರುತು ಮಾಡಿಟ್ಟುಕೊಳ್ಳಬೇಕು. ಬೀಗದ ಗುರುತು ಕಂಡರೆ ಲೈಬ್ರರಿ ಓದಲು ಮಾತ್ರ ಸಿಂಕ್ ಆಗಿದೆ ಎಂದರ್ಥ. ಲೈಬ್ರರಿಯಲ್ಲಿ ಕಡ್ಡಾಯ ಕಾಲಂಗಳೋ ಅನುಮೋದನೆಯೋ ಕಡ್ಡಾಯ ಚೆಕ್ ಔಟೋ ಇದ್ದರೆ ಹೀಗಾಗುತ್ತದೆ, ಅದಕ್ಕೆ ಲ್ಯಾಪ್‌ಟಾಪ್‌ನಲ್ಲಿ ಪರಿಹಾರ ಹುಡುಕುವುದು ವ್ಯರ್ಥ.

ಸಿಂಕ್ ನಿಲ್ಲಲು ಕನ್ನಡದಲ್ಲಿ ಹೆಸರಿಟ್ಟ ಕಡತಗಳಲ್ಲಿ ವಿಶೇಷವಾಗಿ ಕಾಣುವ ಕಾರಣ ಹೆಸರಿನ ಉದ್ದ. ಶೇರ್‌ಪಾಯಿಂಟ್‌ನಲ್ಲಿ ಫೋಲ್ಡರ್‌ಗಳ ದಾರಿ ಮತ್ತು ಕಡತದ ಹೆಸರು ಸೇರಿ 400 ಅಕ್ಷರಗಳನ್ನು ಮೀರಬಾರದು. ವಿಂಡೋಸ್‌ನಲ್ಲಿ ಹಲವು ತಂತ್ರಾಂಶಗಳಿಗೆ ಇನ್ನೂ 260 ಅಕ್ಷರಗಳ ಮಿತಿಯೇ ಇದೆ, ಎಕ್ಸೆಲ್‌ಗೆ 218. ಲ್ಯಾಪ್‌ಟಾಪ್‌ನಲ್ಲಿ ಈ ದಾರಿಯ ಮೊದಲಿಗೆ ಬಳಕೆದಾರರ ಹೆಸರು, ಸಂಸ್ಥೆಯ ಹೆಸರು, ಸೈಟ್‌ನ ಹೆಸರು ಎಲ್ಲವೂ ಸೇರಿಕೊಳ್ಳುವುದರಿಂದ ಬ್ರೌಸರ್‌ನಲ್ಲಿ ತೊಂದರೆ ಕೊಡದ ಹೆಸರು ಇಲ್ಲಿ ಮಿತಿ ಮೀರುತ್ತದೆ.

ಕನ್ನಡದ ಹೆಸರಿನಲ್ಲಿ ಕಣ್ಣಿಗೆ ಕಾಣುವ ಅಕ್ಷರಕ್ಕೂ ಗಣಕ ಎಣಿಸುವ ಅಕ್ಷರಕ್ಕೂ ಬಹಳ ಅಂತರವಿದೆ. ಯುನಿಕೋಡ್‌ನಲ್ಲಿ ವ್ಯಂಜನ, ಹಲಂತ ಚಿಹ್ನೆ (್), ಸ್ವರ ಚಿಹ್ನೆ ಒಂದೊಂದೂ ಬೇರೆ ಬೇರೆ ಅಕ್ಷರ. 'ಸ್ವಾತಂತ್ರ್ಯ' ಎಂಬ ಪದ ನಮಗೆ ಮೂರು ಅಕ್ಷರ, ಗಣಕಕ್ಕೆ 11. 'ಕ್ಷೇತ್ರ' ನಮಗೆ ಎರಡು, ಗಣಕಕ್ಕೆ 7. 'ಕಾರ್ಯಕ್ರಮ' ನಮಗೆ ನಾಲ್ಕು, ಗಣಕಕ್ಕೆ 9. ಒತ್ತಕ್ಷರಗಳು ತುಂಬಿದ ಆಡಳಿತ ಕನ್ನಡದಲ್ಲಿ 'ಸ್ವಾತಂತ್ರ್ಯ ದಿನಾಚರಣೆ ಕಾರ್ಯಕ್ರಮದ ವೆಚ್ಚದ ಪರಿಷ್ಕೃತ ಅಂದಾಜು ಪಟ್ಟಿ' ಎಂಬಂಥ ಹೆಸರಿನ ನಾಲ್ಕು ಫೋಲ್ಡರ್‌ಗಳು ಒಂದರೊಳಗೊಂದು ಕೂತರೆ ಮಿತಿ ಮುಟ್ಟಲು ಹೆಚ್ಚೇನೂ ಬೇಕಿಲ್ಲ. ಪರೀಕ್ಷೆಗೆ ಆ ಕಡತವನ್ನು ಬ್ರೌಸರ್‌ನಲ್ಲಿ ಲೈಬ್ರರಿಯ ಮೇಲಿನ ಹಂತಕ್ಕೆ ತಾತ್ಕಾಲಿಕವಾಗಿ ಸರಿಸಿ ನೋಡಬೇಕು; ಅಲ್ಲಿ ಸಿಂಕ್ ಆದರೆ ದೋಷ ಉದ್ದದ್ದೇ. ಮೇಲಿನ ಹಂತದ ಫೋಲ್ಡರ್‌ಗಳ ಹೆಸರನ್ನು ಮೊಟಕುಗೊಳಿಸಿದರೆ ಅದರ ಕೆಳಗಿನ ಎಲ್ಲ ಕಡತಗಳಿಗೂ ಒಟ್ಟಿಗೆ ಪರಿಹಾರ ಸಿಗುತ್ತದೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ದೋಷವೆಂದರೆ ಕೆಲಸ ಮಾಡದ ಲಿಂಕ್. ಬ್ರೌಸರ್‌ನ ವಿಳಾಸ ಪಟ್ಟಿಯಿಂದ ಲಿಂಕ್ ನಕಲಿಸಿದರೆ ಕನ್ನಡದ ಪ್ರತಿಯೊಂದು ಯುನಿಕೋಡ್ ಅಕ್ಷರವೂ ಶೇಕಡಾ ಚಿಹ್ನೆಗಳ ಜೊತೆ ಒಂಬತ್ತು ಅಕ್ಷರಗಳಾಗಿ ಬಿಡಿಸಿಕೊಳ್ಳುತ್ತದೆ. 'ಸ್ವಾತಂತ್ರ್ಯ' ಒಂದಕ್ಕೇ 99 ಅಕ್ಷರಗಳು. ಇಷ್ಟು ಉದ್ದದ ಲಿಂಕ್ ಇಮೇಲ್‌ನಲ್ಲಿ ಮಧ್ಯದಲ್ಲಿ ಮುರಿದು ಬೀಳುತ್ತದೆ. 'ಕಾಪಿ ಲಿಂಕ್' ಗುಂಡಿ ಕೊಡುವ ಲಿಂಕ್‌ನಲ್ಲಿ ಈ ತೊಂದರೆ ಇಲ್ಲ, ಅದನ್ನೇ ಕಳಿಸಬೇಕು.

ಉದ್ದ ಸರಿಯಿದ್ದರೆ ಹೆಸರಿನಲ್ಲಿ ನಿಷಿದ್ಧ ಚಿಹ್ನೆಗಳಿವೆಯೇ ನೋಡಬೇಕು. ಓರೆಗೆರೆ, ಹಿಂಬದಿ ಓರೆಗೆರೆ, ವಿವರಣ ಚಿಹ್ನೆ (:), ಪ್ರಶ್ನಾರ್ಥಕ, ನಕ್ಷತ್ರ, ಜೋಡಿ ಉದ್ಧರಣ ಚಿಹ್ನೆ, ಲಂಬ ಗೆರೆ ಮತ್ತು ಕೋನ ಆವರಣಗಳು ಹೆಸರಿನಲ್ಲಿ ಇರುವಂತಿಲ್ಲ. ನಮ್ಮ ಕಚೇರಿಗಳ ಕಡತ ಸಂಖ್ಯೆಗಳಲ್ಲಿ ವಿಭಾಗದ ಸಂಕೇತ, ಕ್ರಮಾಂಕ, ವರ್ಷಗಳ ನಡುವೆ ಓರೆಗೆರೆ ಹಾಕುವ ರೂಢಿ ಗಟ್ಟಿಯಾಗಿ ಬೇರೂರಿದೆ. ಅದನ್ನು ಹಾಗೆಯೇ ಕಡತದ ಹೆಸರಾಗಿಸುವ ಪ್ರಯತ್ನ ನಡೆಯುತ್ತಲೇ ಇರುತ್ತದೆ. ವಿಂಡೋಸ್ ಅದನ್ನು ಅಲ್ಲಿಯೇ ತಡೆಯುತ್ತದೆ, ಮ್ಯಾಕ್ ಗಣಕ ಒಪ್ಪಿಕೊಳ್ಳುತ್ತದೆ, ಆಮೇಲೆ ಸಿಂಕ್ ನಿಲ್ಲುತ್ತದೆ. ಓರೆಗೆರೆಯ ಬದಲು ಅಡ್ಡಗೆರೆ ಬಳಸಬೇಕು. ಹೆಸರಿನ ಮೊದಲಲ್ಲಿ ಅಥವಾ ಕೊನೆಯಲ್ಲಿ ಉಳಿದ ಖಾಲಿ ಜಾಗವೂ ಇದೇ ಗುಂಪಿಗೆ ಸೇರಿದ್ದು, ಅದು ಕಣ್ಣಿಗೆ ಕಾಣುವುದಿಲ್ಲವೆಂಬುದೇ ತೊಂದರೆ.

ಕಣ್ಣಿಗೆ ಕಾಣದ್ದು ಇನ್ನೂ ಒಂದಿದೆ. ಒಂದೇ ಫೋಲ್ಡರ್‌ನಲ್ಲಿ 'ಬಿಲ್' ಎಂಬ ಒಂದೇ ಹೆಸರಿನ ಎರಡು ಫೋಲ್ಡರ್‌ಗಳು ಅಕ್ಕಪಕ್ಕ ಕೂತಿರುವುದನ್ನು ನೋಡಿ ಇದು ಹೇಗೆ ಸಾಧ್ಯ ಎಂದು ಕೇಳುವವರಿದ್ದಾರೆ. ಕನ್ನಡ ಕೀಲಿಮಣೆ ತಂತ್ರಾಂಶಗಳಲ್ಲಿ ಅರ್ಧಾಕ್ಷರವನ್ನು ಮುಂದಿನ ಅಕ್ಷರಕ್ಕೆ ಒತ್ತಾಗದಂತೆ ಬಿಡಿಸಿಡಲು ಒಂದು ಅದೃಶ್ಯ ಅಕ್ಷರವನ್ನು ಬಳಸಲಾಗುತ್ತದೆ. ಪದದ ಮಧ್ಯದಲ್ಲಿ ಅದರ ಪರಿಣಾಮ ಕಾಣುತ್ತದೆ. ಪದದ ಕೊನೆಯಲ್ಲಿ ಉಳಿದರೆ ಏನೂ ಕಾಣುವುದಿಲ್ಲ, ಆದರೆ ಗಣಕಕ್ಕೆ ಆ ಹೆಸರೇ ಬೇರೆ. ಹೆಸರು ಬದಲಿಸುವ ಪೆಟ್ಟಿಗೆಯಲ್ಲಿ ಕರ್ಸರ್ ಅನ್ನು ಕೊನೆಗೆ ಒಯ್ದು ಎಡ ಬಾಣದ ಕೀಲಿಯನ್ನು ಒಂದೊಂದೇ ಸಲ ಒತ್ತುತ್ತ ಬಂದಾಗ, ಒಂದು ಒತ್ತಿಗೆ ಕರ್ಸರ್ ಕದಲದೆ ನಿಂತರೆ ಅಲ್ಲಿ ಅದೃಶ್ಯ ಅಕ್ಷರ ಇರಬೇಕೆಂದು ತಿಳಿಯಬಹುದು. ಕೀಲಿ ಒತ್ತಿ ತೆಗೆಯುವುದಕ್ಕಿಂತ ಇಡೀ ಹೆಸರನ್ನು ಅಳಿಸಿ ಹೊಸದಾಗಿ ಟೈಪ್ ಮಾಡುವುದೇ ಸುಲಭ. ಹಳೆಯ ಮ್ಯಾಕ್ ಗಣಕಗಳಿಂದ ಬಂದ ಹೆಸರುಗಳಲ್ಲಿ ಓತ್ವದಂತಹ ಸ್ವರ ಚಿಹ್ನೆ ಒಂದೇ ಅಕ್ಷರವಾಗಿರದೆ ಬಿಡಿಬಿಡಿ ತುಂಡುಗಳಾಗಿ ದಾಖಲಾಗಿರುವುದೂ ಉಂಟು, ಪರಿಹಾರ ಅದೇ.

ಇದ್ಯಾವುದೂ ಅಲ್ಲದಿದ್ದರೆ ಮಾತ್ರ ಒನ್‌ಡ್ರೈವ್ ಅನ್ನು ರೀಸೆಟ್ ಮಾಡುವ ಮಾತು ಬರಬೇಕು. ರೀಸೆಟ್‌ನಿಂದ ಸರ್ವರ್‌ನಲ್ಲಿರುವ ಕಡತಗಳಿಗೆ ಅಪಾಯವಿಲ್ಲ. ಆದರೂ ಇನ್ನೂ ಮೇಲೆ ಹೋಗದ ಕಡತಗಳನ್ನು ಮೊದಲು ಬೇರೆ ಕಡೆ ನಕಲಿಸಿಡಬೇಕು. ಒಬ್ಬರೇ ಹತ್ತಾರು ಲೈಬ್ರರಿಗಳನ್ನು ಸಿಂಕ್ ಮಾಡಿಕೊಂಡಿದ್ದರೆ ಎಲ್ಲವೂ ಸೇರಿ 3,00,000 ಕಡತ ಮೀರದಿರಲಿ ಎಂಬುದು ಮೈಕ್ರೋಸಾಫ್ಟ್‌ನ ಸಲಹೆ. ಅದನ್ನು ಮೀರಿದ ಲ್ಯಾಪ್‌ಟಾಪ್‌ನಲ್ಲಿ ಎಷ್ಟು ರೀಸೆಟ್ ಮಾಡಿದರೂ ಸುಖವಿಲ್ಲ.

ಕಾಣುತ್ತದೆ, ತಿದ್ದಲು ಆಗುವುದಿಲ್ಲ

'ಬೇರೊಬ್ಬರು ತಿದ್ದುತ್ತಿರುವುದರಿಂದ ಕಡತಕ್ಕೆ ಬೀಗ ಬಿದ್ದಿದೆ' ಎಂಬ ಸಂದೇಶದಲ್ಲಿ ಕೆಲವೊಮ್ಮೆ ಕೇಳುತ್ತಿರುವವರ ಹೆಸರೇ ಇರುತ್ತದೆ. ವರ್ಡ್ ಅಥವಾ ಎಕ್ಸೆಲ್ ನಡುವೆ ನಿಂತುಹೋದಾಗ ಅಥವಾ ನೆಟ್‌ವರ್ಕ್ ಕಡಿದಾಗ ಅವರ ಬೀಗವೇ ಸರ್ವರ್‌ನಲ್ಲಿ ಉಳಿದುಬಿಟ್ಟಿರುತ್ತದೆ. ಅದರ ಅವಧಿ ಸುಮಾರು 10 ನಿಮಿಷ. ಕಡತವನ್ನು ಎಲ್ಲ ಕಡೆ ಮುಚ್ಚಿ ಅಷ್ಟು ಹೊತ್ತು ಕಾದರೆ ತಾನೇ ಬಿಡುತ್ತದೆ. ಕಾಯುವ ತಾಳ್ಮೆ ಇಲ್ಲದೆ 'ಅಂತಿಮ-2' ಎಂದು ಪ್ರತಿ ಮಾಡಿಕೊಳ್ಳುವುದರಿಂದಲೇ ಲೈಬ್ರರಿಗಳಲ್ಲಿ ಅಂತಿಮಗಳ ಸಾಲು ಬೆಳೆಯುವುದು.

ಕಾದರೂ ಬಿಡದಿದ್ದರೆ ಕಡತದ ಗುರುತಿನ ಪಕ್ಕದಲ್ಲಿ ಚೆಕ್ ಔಟ್ ಬಾಣವಿದೆಯೇ ನೋಡಬೇಕು. ಅದು ತಾನಾಗಿ ಬಿಡುವ ಬೀಗವಲ್ಲ. ಇಬ್ಬರು ಒಟ್ಟಿಗೆ ತಿದ್ದಲು ಆಗುತ್ತಿಲ್ಲವೆಂಬುದೇ ದೂರಾದರೆ ಕಡತದ ಬಗೆಯನ್ನು ನೋಡಬೇಕು. 2007ಕ್ಕಿಂತ ಹಿಂದಿನ ಆಫೀಸ್‌ನ ಹಳೆಯ ರೂಪದಲ್ಲಿರುವ ಕಡತಗಳಲ್ಲಿಯೂ ಪಾಸ್‌ವರ್ಡ್ ಹಾಕಿದ ಕಡತಗಳಲ್ಲಿಯೂ ಒಟ್ಟಿಗೆ ತಿದ್ದುವುದು ಸಾಧ್ಯವಿಲ್ಲ. ಹೊಸ ರೂಪಕ್ಕೆ ಪರಿವರ್ತಿಸಬೇಕು. ಹೆಸರಿನ ಕೊನೆಗೆ ಲ್ಯಾಪ್‌ಟಾಪ್‌ನ ಹೆಸರು ಅಂಟಿಕೊಂಡ ಹೊಸ ಪ್ರತಿಯೊಂದು ಕಂಡರೆ, ಆ ಲ್ಯಾಪ್‌ಟಾಪ್‌ನಲ್ಲಿ ಮಾಡಿದ ತಿದ್ದುಪಡಿ ಸರ್ವರ್‌ನ ತಿದ್ದುಪಡಿಯ ಜೊತೆ ಕೂಡಲಿಲ್ಲವೆಂದು ಒನ್‌ಡ್ರೈವ್ ಎರಡನ್ನೂ ಉಳಿಸಿದೆ ಎಂದರ್ಥ. ಎರಡನ್ನೂ ತೆರೆದು ಹೋಲಿಸುವ ಮೊದಲು ಒಂದನ್ನು ಅಳಿಸುವುದು ತಪ್ಪು.

ತಪ್ಪಾಗಿ ತಿದ್ದಿ ಉಳಿಸಿದ್ದೇ ದೂರಾಗಿದ್ದರೆ 'ವರ್ಷನ್ ಹಿಸ್ಟರಿ' ತೆರೆಯಬೇಕು. ಹೊಸ ಲೈಬ್ರರಿಗಳಲ್ಲಿ ಸಾಮಾನ್ಯವಾಗಿ 500 ಆವೃತ್ತಿಗಳವರೆಗೆ ಉಳಿದಿರುತ್ತವೆ. ಹಳೆಯ ಆವೃತ್ತಿಯನ್ನು ಮರಳಿಸಿದರೆ ಈಗಿನದು ಅಳಿಯುವುದಿಲ್ಲ. ಹಳೆಯದರ ಪ್ರತಿಯೊಂದು ಹೊಸ ಆವೃತ್ತಿಯಾಗಿ ಮೇಲೆ ಸೇರುತ್ತದೆ, ಆದ್ದರಿಂದ ಧೈರ್ಯವಾಗಿ ಪರೀಕ್ಷಿಸಬಹುದು. ಕಡತವನ್ನು 'ಮೂವ್ ಟು' ಮೂಲಕ ಸರಿಸಿದ್ದರೆ ಈ ಇತಿಹಾಸ ಜೊತೆಗೆ ಹೋಗುತ್ತದೆ. 'ಕಾಪಿ ಟು' ಮಾಡಿದ್ದರೆ ಕೊನೆಯ ಆವೃತ್ತಿ ಮಾತ್ರ ಹೋಗುತ್ತದೆ.

ಹುಡುಕಿದರೆ ಸಿಗುವುದಿಲ್ಲ ಎಂಬ ದೂರು

ಕಡತ ಕಣ್ಣೆದುರು ಇದ್ದೂ ಹುಡುಕಾಟದಲ್ಲಿ ಬರದಿದ್ದರೆ, ಹೊಸ ಕಡತವಾದಲ್ಲಿ ಸ್ವಲ್ಪ ಕಾಯಬೇಕು. ಲೈಬ್ರರಿ ಸೆಟ್ಟಿಂಗ್ಸ್‌ನಲ್ಲಿ ಹುಡುಕಾಟಕ್ಕೆ ಸೇರಿಸುವ ಆಯ್ಕೆ ಯಾರಾದರೂ ತೆಗೆದಿದ್ದಾರೆಯೇ ಎಂದೂ ನೋಡಬೇಕು. ಇವೆರಡೂ ಅಲ್ಲವಾದರೆ ಕರ್ನಾಟಕದ ಕಚೇರಿಗಳಲ್ಲಿ ಸಂದೇಹಪಡಬೇಕಾದದ್ದು ಹಳೆಯ ನುಡಿ ಅಥವಾ ಬರಹ ಫಾಂಟ್. ಯುನಿಕೋಡ್ ಪೂರ್ವದ ಆ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತದೊಳಗೆ ನಿಜವಾಗಿ ಇರುವುದು ರೋಮನ್ ಅಕ್ಷರಗಳ ಸಂಕೇತಗಳು. ಫಾಂಟ್ ಅವುಗಳ ಮೇಲೆ ಕನ್ನಡದ ರೂಪವನ್ನು ತೊಡಿಸುತ್ತದೆ ಅಷ್ಟೇ. ಆ ಫಾಂಟ್ ಇಲ್ಲದ ಬ್ರೌಸರ್‌ನಲ್ಲಿ ಅದೇ ಸುತ್ತೋಲೆ ತಲೆಯ ಮೇಲೆ ಚುಕ್ಕೆ, ಗೀಟುಗಳನ್ನು ಹೊತ್ತ ವಿದೇಶಿ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ಬಳಕೆದಾರರು ಕಡತ ಕೆಟ್ಟಿದೆ ಎಂದು ದೂರುತ್ತಾರೆ. ಕಡತ ಕೆಟ್ಟಿಲ್ಲ. ಆದರೆ 'ವರ್ಗಾವಣೆ' ಎಂದು ಯುನಿಕೋಡ್‌ನಲ್ಲಿ ಹುಡುಕಿದರೆ ಆ ಸಂಕೇತಗಳ ನಡುವೆ ಅದು ಎಂದೂ ಸಿಗುವುದಿಲ್ಲ. ಯುನಿಕೋಡ್‌ಗೆ ಪರಿವರ್ತಿಸುವುದೊಂದೇ ದಾರಿ. ಪರಿವರ್ತನೆಯ ನಂತರ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಅಂಕಿಗಳನ್ನೂ ಒಬ್ಬರು ಕೂತು ಓದಿ ನೋಡಲೇಬೇಕು. ಮೂಲ ಕಡತವನ್ನೂ ಉಳಿಸಿಕೊಳ್ಳಬೇಕು. ಹಳೆಯ ಕಡತಗಳೆಲ್ಲವನ್ನೂ ಪರಿವರ್ತಿಸಲು ಹೊರಡುವುದು ಅನಗತ್ಯವೆಂದೇ ನನ್ನ ನಿಲುವು. ಪದೇ ಪದೇ ಬೇಕಾಗುವ ಆದೇಶಗಳನ್ನು ಪರಿವರ್ತಿಸಿ, ಉಳಿದವುಗಳ ಹೆಸರುಗಳನ್ನಷ್ಟೇ ಯುನಿಕೋಡ್‌ನಲ್ಲಿ ಸರಿಯಾಗಿ ಇಟ್ಟರೆ ಸಾಕು.

ಮಿತಿ ಮೀರಿದ ವ್ಯೂ

ಒಂದು ಲೈಬ್ರರಿಯಲ್ಲಿ 3 ಕೋಟಿ ಕಡತಗಳವರೆಗೆ ಇಡಬಹುದಾದರೂ, ಒಂದು ವ್ಯೂ ಒಮ್ಮೆಗೆ 5,000ಕ್ಕಿಂತ ಹೆಚ್ಚು ಕಡತಗಳನ್ನು ಪರಿಶೀಲಿಸಬೇಕಾಗಿ ಬಂದರೆ ಮಿತಿ ಮೀರಿದೆ ಎಂಬ ಸಂದೇಶ ಬರಬಹುದು. ಕಡತಗಳು ಹೋಗಿಲ್ಲ, ವ್ಯೂ ತೋರಿಸಲು ಒಪ್ಪುತ್ತಿಲ್ಲ ಅಷ್ಟೇ. ಫಿಲ್ಟರ್‌ಗೆ ಬಳಸುವ ಕಾಲಂಗೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಮಾಡಿ, ಆ ಕಾಲಂನಿಂದಲೇ ಮೊದಲು ಸೋಸಬೇಕು. ಇಲ್ಲವೇ ಕಡತಗಳನ್ನು ವರ್ಷವಾರು ಫೋಲ್ಡರ್‌ಗಳಿಗೆ ಹಂಚಬೇಕು. ಈ ಮಿತಿಯನ್ನು ಆನ್‌ಲೈನ್ ಆವೃತ್ತಿಯಲ್ಲಿ ಹೆಚ್ಚಿಸಿಕೊಳ್ಳಲು ಬರುವುದಿಲ್ಲ, ಅಡ್ಮಿನ್‌ರನ್ನು ಕೇಳಿ ಪ್ರಯೋಜನವಿಲ್ಲ.

ದೂರನ್ನು ಮೇಲಕ್ಕೆ ಕಳಿಸುವಾಗ

ಮೇಲಿನ ಯಾವ ಪರೀಕ್ಷೆಯಿಂದಲೂ ಕಾರಣ ಸಿಗದಿದ್ದರೆ ಅಡ್ಮಿನ್‌ಗೆ ಬರೆಯಬೇಕಾಗುತ್ತದೆ. 'ಫೈಲ್ ಓಪನ್ ಆಗುತ್ತಿಲ್ಲ, ಅರ್ಜೆಂಟ್' ಎಂದು ಬರೆದರೆ ಉತ್ತರವಾಗಿ ಪ್ರಶ್ನೆಗಳೇ ಬರುತ್ತವೆ. ಕಡತದ 'ಕಾಪಿ ಲಿಂಕ್', ಯಾವ ಖಾತೆಯಿಂದ ಪ್ರಯತ್ನಿಸಿದ್ದು, ಖಾಸಗಿ ಕಿಟಕಿಯಲ್ಲಿ ಏನಾಯಿತು, ಬೇರೊಬ್ಬರಿಗೆ ಏನು ಕಾಣುತ್ತದೆ, ದೋಷ ಕಂಡ ದಿನಾಂಕ ಮತ್ತು ಗಂಟೆ, ಇವಿಷ್ಟು ಇರಲೇಬೇಕು. ಶೇರ್‌ಪಾಯಿಂಟ್‌ನ ದೋಷದ ಪುಟದಲ್ಲಿ 'ಕೋರಿಲೇಷನ್ ಐಡಿ' ಎಂಬ ಉದ್ದನೆಯ ಸಂಖ್ಯೆಯೊಂದು ಇರುತ್ತದೆ; ಅದನ್ನು ಫೋಟೋ ತೆಗೆದು ಕಳಿಸದೆ ಅಕ್ಷರಗಳಾಗಿಯೇ ನಕಲಿಸಿ ಅಂಟಿಸಬೇಕು, ಏಕೆಂದರೆ ಮೈಕ್ರೋಸಾಫ್ಟ್‌ನ ಸಹಾಯ ವಿಭಾಗ ಮೊದಲು ಕೇಳುವುದು ಅದನ್ನೇ. ಯಾರು ಅಳಿಸಿದರು ಎಂಬ ಪ್ರಶ್ನೆ ಉಳಿದಿದ್ದರೆ ಅಡ್ಮಿನ್ ಆಡಿಟ್ ದಾಖಲೆಯಲ್ಲಿ ಹುಡುಕಬಹುದು. ಸಾಮಾನ್ಯ ಪರವಾನಗಿಯಲ್ಲಿ ಆ ದಾಖಲೆ 180 ದಿನಗಳವರೆಗೆ ಸಿಗುತ್ತದೆ, ಕಡತವೇ ಬಿನ್‌ನಿಂದ 93 ದಿನಗಳಿಗೆ ಹೋಗುವುದರಿಂದ ದೂರು ಬರೆದ ದಿನವೇ ಎರಡನ್ನೂ ಕೇಳಬೇಕು.